ಎಲ್ಲದಕ್ಕೂ ‘ಬೇಡ’ ಎಂದ ಅಕ್ಕ

ನಾನು ಕಾಗದ ಮಾರುವವನು. ಅದರ ಮೇಲೆ ಯಾರು ಏನು ಬರೆಯುತ್ತಾರೆ ಅನ್ನುವುದು ನನ್ನ ಬಾಬತ್ತಲ್ಲ. ಬರೆದು ಹಾಳು ಮಾಡಿದಷ್ಟೂ ನನಗೆ ಒಳ್ಳೆಯದೇ. ಆದರೆ ನನ್ನ ಅತಿ ದೊಡ್ಡ ಗಿರಾಕಿ ನನ್ನ ಒಡಹುಟ್ಟಿದ ಅಕ್ಕನೇ ಆಗಿರುವುದರಿಂದ, ಅವಳು ಹಾಳು ಮಾಡಿದ ಕಾಗದದ ಕಥೆ ಹೇಳುವ ಕೆಲಸವೂ ನನ್ನ ಕೊರಳಿಗೇ ಬಿತ್ತು.

ಅಕ್ಕ ನಿವೃತ್ತ ನೌಕರರ ಸಂಘದಲ್ಲಿ ಪತ್ರ ವಿಭಾಗ ನೋಡಿಕೊಳ್ಳುತ್ತಾಳೆ. ವಿಭಾಗ ಅಂದರೆ ಅವಳು, ಒಂದು ಕಂಪ್ಯೂಟರು, ಕೆಮ್ಮುವ ಒಂದು ಪ್ರಿಂಟರು ಮತ್ತು ಅವಳಿಗಿಂತ ವಯಸ್ಸಾದ ಒಬ್ಬ ಜವಾನ. ಕಚೇರಿ ಇರುವುದು ನನ್ನ ಅಂಗಡಿಯ ಎದುರಿನ ಕಟ್ಟಡದ ಮೊದಲ ಮಹಡಿಯಲ್ಲಿ. ಅವಳ ಕುರ್ಚಿ ಕಿಟಕಿಗೆ ಅಂಟಿಕೊಂಡೇ ಇದೆ. ಲಕೋಟೆ ಮುಗಿದರೆ ಫೋನು ಮಾಡುವ ಪದ್ಧತಿ ಇಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ “ಲೋ” ಅಂದರೆ ಆಯಿತು, ನಾನು ತಕ್ಕಡಿ ಬಿಟ್ಟು, ಗಿರಾಕಿ ಬಿಟ್ಟು ಮೇಲೆ ನೋಡಬೇಕು. ಪಕ್ಕದ ಔಷಧಿ ಅಂಗಡಿಯವನೂ ಒಂದು ದಿನ ನನ್ನನ್ನು ಹಾಗೇ ಕರೆದು ನೋಡಿದ. ಅವನಿಗೆ ಸಾಲ ಕೊಡುವುದನ್ನು ನಿಲ್ಲಿಸಿದ ಮೇಲೆ ಮರ್ಯಾದೆ ತಾನಾಗಿ ಬಂತು.

ತಮಾಷೆ ಏನೆಂದರೆ, ಒಡಹುಟ್ಟಿದವನನ್ನು ‘ಲೋ’ ಅನ್ನುವ ಇದೇ ಅಕ್ಕ ಉಳಿದ ಲೋಕವನ್ನೆಲ್ಲ ಬಹುವಚನದಲ್ಲಿ ಮಾತಾಡಿಸುತ್ತಾಳೆ. ಚಿಕ್ಕಂದಿನಲ್ಲಿ ಅವಳ ಗೊಂಬೆಗಳೂ ‘ಅವರು’. “ಅವರು ಮಲಗಿದ್ದಾರೆ, ಗಲಾಟೆ ಮಾಡಬೇಡ” ಅಂತ ನನ್ನ ತಲೆಗೆ ಮೊಟಕುತ್ತಿದ್ದಳು. ಮನೆಗೆ ಯಾರಾದರೂ ಬಂದರೆ ನೀರು ಕೊಡುವ ಮೊದಲೇ “ನಿಮ್ಮನ್ನ ಏನಂತ ಕರೀಬೇಕು?” ಎಂದು ಕೇಳುವಳು. ಬಂದವರು ಗಾಬರಿಯಾಗಿ ಅಪ್ಪನ ಮುಖ ನೋಡುವರು. ಒಬ್ಬೊಬ್ಬರನ್ನೂ ಅವರು ಬಯಸುವ ಹಾಗೆ ಕರೆಯುವುದೇ ಅವಳಿಗೆ ದೊಡ್ಡ ಕೆಲಸ. ಕರೆದಾದ ಮೇಲೆ ಏನು ಹೇಳಬೇಕೆನ್ನುವುದು ಅವಳ ಮಟ್ಟಿಗೆ ಚಿಲ್ಲರೆ ವ್ಯವಹಾರ.

ಇಂಥವಳಿಗೆ ಮೇಲ್ ಮರ್ಜ್ ಎಂಬುದು ಸಿಕ್ಕಿದ್ದು ಮಂಗನಿಗೆ ಏಣಿ ಸಿಕ್ಕ ಹಾಗಾಯಿತು. ಅದೇನು ಅಂತ ನನಗೆ ಒಮ್ಮೆ ಪಾಠ ಮಾಡಿದ್ದಳು. “ನೋಡೋ, ಕಾಗದ ಒಂದೇ. ಅದರಲ್ಲಿ ಹೆಸರಿಗೆ ಒಂದು ಗೂಡು, ವಿಳಾಸಕ್ಕೆ ಒಂದು ಗೂಡು ಖಾಲಿ ಬಿಟ್ಟಿರ್ತೀನಿ. ಇನ್ನೊಂದು ಕಡೆ ಸದಸ್ಯರ ಪಟ್ಟಿ ಇರುತ್ತೆ. ಎರಡನ್ನೂ ಜೋಡಿಸಿದರೆ ಒಬ್ಬೊಬ್ಬರ ಹೆಸರೂ ಹಾರಿ ಬಂದು ಅವರವರ ಗೂಡಿನಲ್ಲಿ ಕೂತ್ಕೊಳ್ಳುತ್ತೆ. ಸಾವಿರ ಜನಕ್ಕೆ ಸಾವಿರ ಕಾಗದ.” ಬೇರೆ ಕಚೇರಿಯವರು ಇಷ್ಟಕ್ಕೇ ಸಾಕು ಅನ್ನುತ್ತಾರೆ. ಅಕ್ಕ ಮೂರನೆಯ ಗೂಡೊಂದನ್ನು ಸೇರಿಸಿದ್ದಳು. ಅದರ ಹೆಸರು ‘ಹೇಗೆ ಕರೆಯಬೇಕು’. ನಿವೃತ್ತ ನರ್ಸಮ್ಮನಿಗೆ ‘ಸಿಸ್ಟರ್’ ಅಂತಲೇ ಬರೆಯಬೇಕು. ಮೇಷ್ಟರಿಗೆ ‘ಪೂಜ್ಯರೇ’. ಗಂಡನನ್ನು ಬಿಟ್ಟು ಬಂದ ಒಬ್ಬರಿಗೆ ‘ಶ್ರೀಮತಿ’ ಕಂಡರೆ ಉರಿಯುತ್ತದೆ, ಅಲ್ಲಿ ಬರೀ ಹೆಸರು. ಇದನ್ನೆಲ್ಲ ಒಬ್ಬೊಬ್ಬರಿಗೂ ಫೋನು ಮಾಡಿ ಕೇಳಿ, ಸೇರಿಸಿಕೊಂಡು, ಆ ಪಟ್ಟಿಯನ್ನು ಹೆತ್ತ ಮಗುವಿನ ಹಾಗೆ ಸಾಕಿದ್ದಳು.

ಸಂಘಕ್ಕೆ ಹೊಸ ಕಾರ್ಯದರ್ಶಿ ಬಂದರು. ಒಳ್ಳೆಯ ಮನುಷ್ಯ, ಸಣ್ಣ ದನಿ, ನಗುಮುಖ. ಕೆಟ್ಟವರ ಹತ್ತಿರ ಜಗಳವಾಡಬಹುದು, ಇಂಥವರ ಹತ್ತಿರ ಆಗುವುದಿಲ್ಲ.

“ಮೇಡಂ, ಇಷ್ಟೊಂದು ಕಾಗದ ಯಾಕೆ? ಎಲ್ಲರ ಹತ್ತಿರಾನೂ ಫೋನ್ ಇದೆ. ಒಂದು ಮೆಸೇಜ್ ಹಾಕಿದ್ರೆ ಮುಗೀತು.”

“ಮೆಸೇಜಲ್ಲಿ ಏನಂತ ಕರೀತೀರಿ?”

“ಪ್ರಿಯ ಸದಸ್ಯರೇ.”

ಅಕ್ಕ ಹುಳಿ ಕಚ್ಚಿದವಳ ಹಾಗೆ ಮುಖ ಮಾಡಿದಳಂತೆ. ಕೊನೆಗೆ ಕಾರ್ಯದರ್ಶಿಗಳು ನಗುತ್ತಲೇ ಒಂದು ತೀರ್ಮಾನ ಹೇಳಿದರು. ಈ ಸಲದ ವಾರ್ಷಿಕ ಸಭೆಯ ಆಹ್ವಾನ ಕಾಗದದಲ್ಲೇ ಹೋಗಲಿ. ತೊಂದರೆ ಇಲ್ಲದೆ ಹೋದರೆ ಪತ್ರ ವಿಭಾಗ ಉಳಿಯುತ್ತದೆ. ಎಡವಟ್ಟಾದರೆ ಮುಂದಿನ ತಿಂಗಳಿಂದ ಮೆಸೇಜು, ಅಕ್ಕನಿಗೆ ಮೆಟ್ಟಿಲ ಕೆಳಗಿನ ಹಳೇ ಕಡತಗಳ ಕೋಣೆ.

ಆ ಕೋಣೆಗೆ ಕಿಟಕಿಯೇ ಇಲ್ಲ. ಅಕ್ಕ ಆ ದಿನ ಅಂಗಡಿಗೆ ಬಂದು, ನನ್ನ ಸ್ಟೂಲಿನ ಮೇಲೆ ಕೂತು, ಏನೂ ಬೈಯದೆ ಎದ್ದು ಹೋದಳು. ನನಗೆ ಭಯವಾಗಿದ್ದು ಆಗ. ಅವಳ ಕುರ್ಚಿ ಹೋದರೆ ನನ್ನ ಲಕೋಟೆಯ ಶೆಲ್ಫೂ ಹೋದ ಹಾಗೆ, ಅದು ಬೇರೆ ವಿಷಯ. ಬೀದಿಯಲ್ಲಿ ಯಾರೂ ‘ಲೋ’ ಅನ್ನದೆ ನಾನು ದಿನ ಕಳೆಯುವುದು ಹೇಗೆ?

ಈ ಮಾತುಕತೆಗೆ ಸ್ವಲ್ಪ ಮುಂಚೆ ಇನ್ನೊಂದು ನಡೆದಿತ್ತು. ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನೊಬ್ಬ ಇದ್ದಾನೆ. ಕೈಯಲ್ಲಿ ಕಪ್ಪು ಚೀಲ ಹಿಡಿದು, ಯಂತ್ರಕ್ಕೆ ಕಿವಿ ಕೊಟ್ಟು ‘ಹ್ಮ್’ ಅನ್ನುವುದರಿಂದ ಅವನಿಗೆ ಡಾಕ್ಟರ್ ಅಂತಲೇ ಹೆಸರು. ಕಳ್ಳರು ಕಂಪ್ಯೂಟರಿನ ಒಳಗೆ ನುಗ್ಗುವ ಕಾಲ ಇದು, ಸದ್ಯದಲ್ಲೇ ದೊಡ್ಡ ಅಪ್‌ಡೇಟ್ ಬರುತ್ತದೆ, ಅಲ್ಲಿಯವರೆಗೆ ಎಚ್ಚರ ಅಂತ ಡಾಕ್ಟರು ಒಂದು ಭಾಷಣ ಮಾಡಿದ. ಕೊನೆಯಲ್ಲಿ ಹೇಳಿದ, “ಪರದೆ ಮೇಲೆ ಏನಾದರೂ ಪೆಟ್ಟಿಗೆ ಬಂದು ‘ಮಾಡಲೇ?’ ಅಂತ ಕೇಳಿದ್ರೆ, ಅರ್ಥ ಆಗಲಿಲ್ಲ ಅಂದ್ರೆ, ಕಣ್ಣು ಮುಚ್ಚಿ ‘ಬೇಡ’ ಅನ್ನಿ. ಬೇಡ ಅಂದವರು ಯಾರೂ ಕೆಟ್ಟಿಲ್ಲ.”

ಉಳಿದವರು ಬಿಸ್ಕತ್ತು ತಿಂದು ಎದ್ದು ಹೋದರು. ಅಕ್ಕನಿಗೆ ಮಾತ್ರ ಆ ಮಾತು ಎದೆಗೆ ನಾಟಿತು. ದಪ್ಪ ಅಕ್ಷರದಲ್ಲಿ ‘ಬೇಡ ಅನ್ನಿ’ ಎಂದು ಬರೆದ ಚೀಟಿ ಎಲ್ಲರ ಪರದೆಗೂ ಅಂಟಿತು. ಚೀಟಿಗೆ ಹಳದಿ ಕಾಗದ ಕೊಟ್ಟವನು ನಾನೇ. ಅಷ್ಟಕ್ಕೇ ಬಿಡಲಿಲ್ಲ. ಸಂಘದ ಸದಸ್ಯರೆಲ್ಲರಿಗೂ ಒಂದು ಎಚ್ಚರಿಕೆ ಪತ್ರ ಹೊರಟಿತು: ಸಂಘದ ಹೆಸರಿನಲ್ಲಿ ಫೋನಿಗೆ ಸಂದೇಶ ಬಂದು ಏನನ್ನಾದರೂ ಒತ್ತಿ ಎಂದರೆ ಒತ್ತಬೇಡಿ, ಸಂಘ ಹೇಳಬೇಕಾದ್ದನ್ನು ಕಾಗದದಲ್ಲೇ ಹೇಳುತ್ತದೆ. ಕಾರ್ಯದರ್ಶಿಗಳು ಆಗಷ್ಟೇ ಬಂದಿದ್ದರು. ಮೊದಲ ವಾರದ ಉತ್ಸಾಹದಲ್ಲಿ ಓದದೆ ಸಹಿ ಹಾಕಿದರು.

ಮನೆಯಲ್ಲೂ ಅದೇ ಕಥೆ. ಭಾವನ ಫೋನು ಕೈಗೆ ಸಿಕ್ಕಾಗಲೆಲ್ಲ ಅಕ್ಕ ಅದಕ್ಕೆ ‘ಬೇಡ’ ಹೇಳಿ ಇಡುತ್ತಿದ್ದಳು. ಅಲಾರಂ ಸದ್ದು ಮಾಡಲೇ ಅಂತ ಕೇಳಿತು, ಬೇಡ. ಭಾವ ಎದ್ದಾಗ ಬಿಸಿಲು ಹೊಟ್ಟೆ ಮೇಲಿತ್ತು. ನೀವು ಎಲ್ಲಿದ್ದೀರಿ ಅಂತ ತಿಳಿದುಕೊಳ್ಳಲೇ ಅಂತ ಕೇಳಿತು, ಬೇಡ. ಭಾವ ಸ್ನೇಹಿತರ ಹೊಸ ಮನೆ ಹುಡುಕುತ್ತ ಊರೆಲ್ಲ ಸುತ್ತಿ, ಒಂದು ತಿರುವಿನಲ್ಲಿ ನಿಂತು ನನಗೆ ಫೋನು ಮಾಡಿದರು.

“ನಾನೆಲ್ಲಿದ್ದೀನಿ ಅಂತ ಫೋನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಿನ್ನ ಅಕ್ಕನ್ನ ಕಟ್ಕೊಂಡ ಮೇಲೆ ಇಷ್ಟು ಸುರಕ್ಷಿತವಾಗಿ ಯಾವತ್ತೂ ಇರಲಿಲ್ಲ ಕಣಪ್ಪ.”

ಅಪ್‌ಡೇಟ್ ಬಂದಿದ್ದು ಸರಿಯಾಗಿ ಆಹ್ವಾನ ಪತ್ರ ಅಚ್ಚಾಗುವ ಸೋಮವಾರದ ಬೆಳಗ್ಗೆ. ಕಂಪ್ಯೂಟರು ಅರ್ಧ ಗಂಟೆ ತಿರುಗಿ ತಿರುಗಿ ಎದ್ದಿತು. ಅಕ್ಕ ಪತ್ರ ತೆರೆದಳು. ಎಂದೂ ಇಲ್ಲದ ಒಂದು ಪೆಟ್ಟಿಗೆ ಎದುರು ಬಂತು. ‘ಈ ಪತ್ರವನ್ನು ತೆರೆದರೆ ಒಂದು ಆಜ್ಞೆ ನಡೆಯುತ್ತದೆ, ಇಂಥ ಕಡತದಿಂದ ಮಾಹಿತಿ ಇದರೊಳಗೆ ಬರುತ್ತದೆ, ಮುಂದುವರಿಯಲೇ?’ ಕೆಳಗೆ ಹೌದು, ಬೇಡ. ಆಜ್ಞೆ ಎಂಬ ಪದ ಕಂಡದ್ದೇ ತಡ, ಅಕ್ಕ ಕಳ್ಳ ಸಿಕ್ಕಿಬಿದ್ದ ಅಂದುಕೊಂಡು ‘ಬೇಡ’ ಒತ್ತಿದಳು.

ಪೆಟ್ಟಿಗೆ ಬಾಲ ಮುದುರಿಕೊಂಡು ಹೋಯಿತು. ಪತ್ರ ತೆರೆಯಿತು. ಹೆಸರು, ವಿಳಾಸ, ಕರೆಯುವ ರೀತಿ ಎಲ್ಲ ಅಚ್ಚುಕಟ್ಟಾಗಿ ಕೂತಿದ್ದವು. ಆ ಹೆಸರು ಟಿಕೆಟ್ ಸಾಹೇಬರದು.

ಟಿಕೆಟ್ ಸಾಹೇಬರೆಂದರೆ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಸಂಘದಲ್ಲಿ ಅತಿ ಹೆಚ್ಚು ದೂರು ಅವರದೇ. ಅವರ ಮನೆಯ ಮೆಟ್ಟಿಲ ಬುಡದಲ್ಲಿ ಒಬ್ಬ ದರ್ಜಿ ಇದ್ದಾನೆ. ಸಾಹೇಬರ ಕಾಗದವೆಲ್ಲ ಅವನ ಅಂಗಡಿಗೇ ಬೀಳುತ್ತಿತ್ತು, ಅವನು ಅದರ ಮೇಲೆ ಸೀಮೆಸುಣ್ಣದಲ್ಲಿ ತೋಳಿನ ಅಳತೆ ಬರೆದಿಟ್ಟುಕೊಳ್ಳುತ್ತಿದ್ದ. ಸಾಹೇಬರು ವರ್ಷಗಟ್ಟಲೆ ಕೂಗಾಡಿದ ಮೇಲೆ ಅಕ್ಕ ವಿಳಾಸವನ್ನು ‘ದರ್ಜಿ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿ, ಮೇಲಿನ ಮನೆ, ಹಸಿರು ಬಾಗಿಲು’ ಎಂದು ಉದ್ದ ಮಾಡಿದ್ದಳು. ನನ್ನ ಲಕೋಟೆಗೆ ಮುಂದೆ ಗಾಜುಕಾಗದದ ಕಿಟಕಿ ಇದೆ, ಒಳಗಿನ ಕಾಗದದ ವಿಳಾಸ ಅದರಲ್ಲೇ ಕಾಣಬೇಕು; ಅಷ್ಟುದ್ದದ ವಿಳಾಸ ಆ ಕಿಟಕಿಯೊಳಗೆ ಹಿಡಿಸುತ್ತದೋ ಇಲ್ಲವೋ ಅಂತ ಪ್ರತಿ ಸಲ ಕೊನೆಗೆ ಪರದೆಯ ಮೇಲೆ ಅವರ ಪತ್ರವನ್ನೇ ಪರೀಕ್ಷಿಸಿ ಮುಚ್ಚಿಡುವುದು ಅವಳ ರೂಢಿ. ಹಾಗಾಗಿ ‘ಬೇಡ’ ಅಂದದ್ದಕ್ಕೆ ಪಟ್ಟಿಯ ಸಂಬಂಧ ಕಡಿದುಕೊಂಡ ಪತ್ರದಲ್ಲಿ ಅವರ ಹೆಸರೊಂದೇ ಉಳಿದು ಕೂತಿತ್ತು. ಅಕ್ಕನಿಗೆ ಅದು ತಿಳಿಯಲಿಲ್ಲ. ಸಾಹೇಬರದು ಸರಿಯಿದ್ದರೆ ಎಲ್ಲರದ್ದೂ ಸರಿ ಅನ್ನುವುದು ಅವಳ ಲೆಕ್ಕ.

ಒಂದೇ ಒಂದು ವಿಚಿತ್ರ. ಎಲ್ಲವನ್ನೂ ಒಟ್ಟಿಗೆ ಅಚ್ಚಿಗೆ ಕಳಿಸುವ ಗುಂಡಿ ಬೂದಿ ಬಣ್ಣಕ್ಕೆ ತಿರುಗಿ ಸತ್ತಂತೆ ಬಿದ್ದಿತ್ತು. ಅಕ್ಕ ಡಾಕ್ಟರಿಗೆ ಫೋನು ಮಾಡಿದಳು. ಅವನು ಎಲ್ಲೋ ಬಾಯಿ ತುಂಬ ಏನೋ ಜಗಿಯುತ್ತಿದ್ದ.

“ಅಪ್‌ಡೇಟ್ ಆದ ಮೇಲೆ ಎಲ್ಲ ಜಾಗ ಬದಲಾಗಿರುತ್ತೆ ಮೇಡಂ. ಮಾಮೂಲಿ ಪ್ರಿಂಟ್ ಕೊಡಿ, ಎಷ್ಟು ಪ್ರತಿ ಅಂತ ಹಾಕಿ, ಅಷ್ಟೇ.”

ಅಕ್ಕ ಎಷ್ಟು ಸದಸ್ಯರೋ ಅಷ್ಟು ಪ್ರತಿ ಎಂದು ಹಾಕಿದಳು. ಪ್ರಿಂಟರು ಕೆಮ್ಮುತ್ತ ಕೆಲಸ ಶುರು ಮಾಡಿತು. ನಾನು ಲಕೋಟೆಯ ಕಟ್ಟು ಹೊತ್ತು ಮೇಲೆ ಹೋದಾಗ ಜವಾನ ಮಡಚಿ ಮಡಚಿ ತುಂಬುತ್ತಿದ್ದ. ಅವನ ಕನ್ನಡಕ ಒಡೆದು ವಾರವಾಗಿತ್ತು, ಕೈ ಅಂದಾಜಿನಲ್ಲೇ ಓಡುತ್ತಿತ್ತು.

“ಅಮ್ಮಾವ್ರೇ, ಎಲ್ಲಾ ಒಂದೇ ಥರ ಕಾಣುತ್ತಲ್ಲ.”

“ಆಹ್ವಾನ ಪತ್ರ ಅಂದ್ಮೇಲೆ ಒಂದೇ ಥರ ಇರಬೇಕು. ನಿಮಗೊಂದು, ಅವರಿಗೊಂದು ಥರ ಮಾಡೋಕೆ ಇದೇನು ಶರಟೇ?”

ಜವಾನ ಮತ್ತೆ ಮಡಚತೊಡಗಿದ. ನನ್ನ ಕಣ್ಣು ಖಾಲಿಯಾಗುತ್ತಿದ್ದ ಕಟ್ಟಿನ ಮೇಲಿತ್ತು. ಸಂಜೆಗೆ ಮೂಟೆ ಅಂಚೆ ಕಚೇರಿ ಸೇರಿತು. ಅಕ್ಕ ಕಿಟಕಿಯಿಂದ “ಲೋ, ಮುಗೀತು ಕಣೋ” ಅಂದಳು. ಆ ದನಿಯಲ್ಲಿ ಇಡೀ ಬೀದಿಗೆ ಸಿಹಿ ಹಂಚುವಷ್ಟು ಸಂತೋಷವಿತ್ತು.

ಬುಧವಾರ ಬೆಳಗ್ಗೆ ನನ್ನ ಅಂಗಡಿಯ ಮುಂದೆ ಒಂದು ಕೈಗಾಡಿ ನಿಂತಿತು. ಗಾಡಿಯ ಮೇಲೆ ಮೂಟೆ, ಗಾಡಿಯ ಪಕ್ಕ ಟಿಕೆಟ್ ಸಾಹೇಬರು. ಇಸ್ತ್ರಿ ಮಾಡಿದ ಕೋಟು, ಕತ್ತಿನ ಗುಂಡಿಯವರೆಗೂ ಬಿಗಿ.

“ಪತ್ರ ವಿಭಾಗ ಮೇಲೇ ತಾನೇ?”

“ಹೌದು ಸಾಹೇಬರೇ. ಮೂಟೆಯಲ್ಲಿ ಏನು?”

“ನನ್ನ ಟಪಾಲು.”

ನಾನು ಅಂಗಡಿ ಹಾಗೇ ಬಿಟ್ಟು ಅವರ ಹಿಂದೆ ಮೆಟ್ಟಿಲು ಹತ್ತಿದೆ. ಇಂಥದನ್ನು ಬಿಟ್ಟು ವ್ಯಾಪಾರ ಮಾಡಲು ನನಗೇನು ಹುಚ್ಚೇ? ಜವಾನ ಮೂಟೆ ಬಿಚ್ಚಿ ಅಕ್ಕನ ಮೇಜಿನ ಮೇಲೆ ಸುರಿದ. ಲಕೋಟೆಗಳು ಜಾರಿ ಜಾರಿ ನೆಲಕ್ಕೆ ಬಿದ್ದವು. ಪ್ರತಿ ಕಿಟಕಿಯಲ್ಲೂ ದರ್ಜಿ ಅಂಗಡಿ, ಪ್ರತಿ ಕಿಟಕಿಯಲ್ಲೂ ಹಸಿರು ಬಾಗಿಲು. ಅಕ್ಕ ಒಂದೊಂದನ್ನೇ ತಿರುಗಿಸಿ ತಿರುಗಿಸಿ ನೋಡಿದಳು.

ಸಾಹೇಬರು ಕುರ್ಚಿ ಎಳೆದು ಕೂತರು. “ಅಂಚೆಯವನು ನಿನ್ನೆ ಎರಡು ಸಲ ಬಂದು ಹೋದ, ಕೊನೆಗೆ ಕೈಮುಗಿದ. ರಾತ್ರಿ ಊಟ ಆದ ಮೇಲೆ ನಾನು ಒಂದೊಂದೂ ಬಿಚ್ಚಿ ನೋಡಿದೆ.”

“ಎಲ್ಲಾನೂ?” ಎಂದೆ ನಾನು.

“ತಪಾಸಣೆ ಅಂದ್ರೆ ಎಲ್ಲಾನೂ. ಅರ್ಧ ಬೋಗಿ ನೋಡಿ ಇಳಿದು ಹೋಗೋ ಅಭ್ಯಾಸ ನನಗಿಲ್ಲ.” ಅಕ್ಕನ ಕಡೆ ತಿರುಗಿದರು. “ಒಂದರಲ್ಲೂ ವಿಳಾಸ ತಪ್ಪಿಲ್ಲ ತಾಯಿ. ಇಷ್ಟು ವರ್ಷದಲ್ಲಿ ಮೊದಲ ಸಲ. ಅದನ್ನ ಹೇಳಿ ಹೋಗೋಣ ಅಂತ ಬಂದೆ.”

ಅಕ್ಕ ಬಗ್ಗಿ ನೆಲದ ಲಕೋಟೆಗಳನ್ನು ಆರಿಸತೊಡಗಿದಳು. ಅಷ್ಟರಲ್ಲಿ ಕಾರ್ಯದರ್ಶಿಗಳು ಬಾಗಿಲಲ್ಲಿ ನಿಂತಿದ್ದರು. ನಗುಮುಖ ಹಾಗೇ ಇತ್ತು, ನಗು ಮಾತ್ರ ಇರಲಿಲ್ಲ. ಶುಕ್ರವಾರ ಮುಗಿಯುವುದರೊಳಗೆ ಎಲ್ಲ ಸದಸ್ಯರಿಗೂ ಸೂಚನೆ ಕಳಿಸದಿದ್ದರೆ ಸಂಘದ ನಿಯಮದಂತೆ ಸಭೆಯೇ ಬಿದ್ದು ಹೋಗುತ್ತದೆ. ಹೇಗೆ ಕಳಿಸಬೇಕೆಂದು ನಿಯಮದಲ್ಲಿ ಇಲ್ಲ.

“ಬೇಜಾರು ಮಾಡ್ಕೋಬೇಡಿ ಮೇಡಂ. ನಾನು ಈಗಲೇ ಮೆಸೇಜ್ ಹಾಕಿಬಿಡ್ತೀನಿ. ನೀವು ನಿಧಾನವಾಗಿ ಕೆಳಗಿನ ಕೋಣೆ ನೋಡ್ಕೊಂಡು ಬನ್ನಿ. ಒಂದು ದೀಪ ಹಾಕಿಸಿಕೊಡ್ತೀನಿ.”

ಅಲ್ಲೇ ನಿಂತು ಫೋನಿನಲ್ಲಿ ಬೆರಳಾಡಿಸಿದರು. ‘ಪ್ರಿಯ ಸದಸ್ಯರೇ, ವಾರ್ಷಿಕ ಸಭೆಯ ವಿವರಕ್ಕೆ ಕೆಳಗಿನ ಲಿಂಕ್ ಒತ್ತಿ.’ ಒಂದು ಕ್ಷಣದಲ್ಲಿ ಎಲ್ಲರಿಗೂ ಹೋಯಿತು. ಸಾಹೇಬರ ಜೇಬಿನಲ್ಲೂ ಟಣ್ ಅಂದಿತು. ಅವರು ಫೋನು ತೆಗೆದು, ಕನ್ನಡಕ ಏರಿಸಿ ಓದಿ, ಅಳಿಸಿ ಹಾಕಿದರು.

“ಯಾಕೆ ಸಾರ್ ಅಳಿಸಿದ್ರಿ?” ಕಾರ್ಯದರ್ಶಿಗಳು ಗಾಬರಿಯಾದರು.

“ಯಾರೋ ಕಳ್ಳರು. ಸಂಘದ ಹೆಸರಲ್ಲಿ ಹೀಗೆ ಬಂದ್ರೆ ಒತ್ತಬೇಡಿ ಅಂತ ನೀವೇ ಕಾಗದ ಬರೆದಿದ್ರಲ್ಲ.”

“ಇದು ನಾನೇ ಕಳಿಸಿದ್ದು ಸಾರ್, ಈಗ, ನಿಮ್ಮ ಎದುರಿಗೇ.”

“ಇರಬಹುದು. ಕಾಗದದಲ್ಲಿ ನಿಮ್ಮ ಸಹಿ ಇತ್ತು. ಇದರಲ್ಲಿ ಇಲ್ಲ.”

ಆಮೇಲೆ ಕಚೇರಿಯ ಫೋನು ಶುರುವಾಯಿತು. ನರ್ಸಮ್ಮ, ನಿಮ್ಮ ಹೆಸರಲ್ಲಿ ಯಾರೋ ಮೋಸ ಮಾಡುತ್ತಿದ್ದಾರೆ ನೋಡಿ ಎಂದರು. ಮೇಷ್ಟರು ಫೋನನ್ನೇ ಆರಿಸಿ, ಪಕ್ಕದ ಮನೆಯಿಂದ ಮಾತಾಡಿದರು. ಇನ್ನೊಬ್ಬರು ಪೊಲೀಸರಿಗೆ ಹೇಳಲೇ ಎಂದು ಕೇಳಿದರು, ಕಾರ್ಯದರ್ಶಿಗಳು ದಯವಿಟ್ಟು ಬೇಡ ಎಂದರು. ಇಟ್ಟ ಕೂಡಲೇ ಮತ್ತೆ ಹೊಡೆದುಕೊಳ್ಳುತ್ತಿತ್ತು. ಲಿಂಕನ್ನು ಒಬ್ಬರೂ ಒತ್ತಿರಲಿಲ್ಲ. ಅಕ್ಕನ ಒಂದು ಎಚ್ಚರಿಕೆ ಪತ್ರ ಅಷ್ಟು ಮಂದಿಯನ್ನು ಅಷ್ಟು ಗಟ್ಟಿಯಾಗಿ ಕಟ್ಟಿಹಾಕಿತ್ತು. ಮಧ್ಯಾಹ್ನದ ಹೊತ್ತಿಗೆ ಕಾರ್ಯದರ್ಶಿಗಳು ಅಕ್ಕನ ಮೇಜಿನ ಮುಂದೆ ಬಂದು ನಿಂತರು.

“ಮೇಡಂ, ಕಾಗದ ಮತ್ತೆ ಹಾಕೋಕೆ ಆಗುತ್ತಾ?”

“ಕೆಳಗಿನ ಕೋಣೆಯಿಂದಲೋ, ಇಲ್ಲಿಂದಲೋ?”

“ಎಲ್ಲಿಂದಾದರೂ. ಮೊದಲು ಆಗಲಿ.”

ಡಾಕ್ಟರನ್ನು ಕರೆಸಿದರು. ಅವನು ಕಪ್ಪು ಚೀಲ ಇಟ್ಟು, ಯಂತ್ರಕ್ಕೆ ಕಿವಿ ಕೊಟ್ಟು ‘ಹ್ಮ್’ ಅಂದ. ಅಕ್ಕ ಅವನ ಎದುರಿಗೇ ಪತ್ರ ತೆರೆದಳು. ಪೆಟ್ಟಿಗೆ ಬಂತು. ಅಕ್ಕ ಸರಕ್ಕನೆ ‘ಬೇಡ’ ಒತ್ತಿದಳು.

“ಅಯ್ಯೋ, ಯಾಕೆ ಮೇಡಂ ಬೇಡ ಅಂದ್ರಿ?”

“ನೀವೇ ಹೇಳಿದ್ರಲ್ಲ, ಬೇಡ ಅಂದವರು ಯಾರೂ ಕೆಟ್ಟಿಲ್ಲ ಅಂತ.”

“ನಾನು ಹೇಳಿದ್ದು ಅರ್ಥ ಆಗದಿದ್ರೆ ಅಂತ. ಇದು ನಿಮ್ಮ ಪಟ್ಟೀನೇ ಕೇಳ್ತಿರೋದು, ‘ಒಳಗೆ ಬರಲಾ’ ಅಂತ. ಮುಂಚೆ ಕೇಳದೆ ಬರ್ತಿತ್ತು. ಈಗ ಕೇಳಿಕೊಂಡು ಬಾ ಅಂತ ಅಪ್‌ಡೇಟ್ ಹೇಳಿದೆ. ನೀವು ಬಾಗಿಲು ಹಾಕಿದ್ರಿ. ಒಳಗೆ ಕೂತಿದ್ದವರು ಇವರೊಬ್ಬರೇ.” ಅವನು ಸಾಹೇಬರ ಕಡೆ ಕೈ ತೋರಿಸಿದ. ಸಾಹೇಬರು ಕೋಟಿನ ಗುಂಡಿ ಸರಿಮಾಡಿಕೊಂಡರು.

“ಮತ್ತೆ ಫೋನಲ್ಲಿ ‘ಎಷ್ಟು ಪ್ರತಿ ಅಂತ ಹಾಕಿ’ ಅಂದಿದ್ದು ಯಾರು?”

ಡಾಕ್ಟರು ಇಂಗು ತಿಂದ ಮಂಗನ ಹಾಗಾದ. ಆ ಸಂದಿನಲ್ಲೇ ಒಂದು ಉಪಾಯ ಹೇಳಿದ. “ಬೇಕಾದ್ರೆ ಒಳಗೆ ಒಂದು ಕಡೆ ತಿರುಗಿಸಿ, ಈ ಪ್ರಶ್ನೆಯೇ ಬರದ ಹಾಗೆ ಮಾಡಿಬಿಡ್ತೀನಿ.”

ಅಕ್ಕ ಮೌಸನ್ನು ತನ್ನ ಕಡೆ ಎಳೆದುಕೊಂಡಳು. “ಬೇಡ. ಕೇಳಿಕೊಂಡೇ ಬರಲಿ. ಕೇಳದೆ ನುಗ್ಗೋದು ಮರ್ಯಾದೆ ಅಲ್ಲ. ನನಗೆ ಉತ್ತರ ಕೊಡೋಕೆ ಬಂದ್ರೆ ಸಾಕು.”

ಪತ್ರ ಮುಚ್ಚಿ ಮತ್ತೆ ತೆರೆದಳು. ಪೆಟ್ಟಿಗೆ ಬಂತು. ಈ ಸಲ ಅದರಲ್ಲಿದ್ದ ಕಡತದ ಹೆಸರನ್ನು ಅಕ್ಷರ ಅಕ್ಷರ ಓದಿದಳು. ತನ್ನ ಪಟ್ಟಿಯ ಹೆಸರೇ. ಆದರೂ ಬೆರಳು ‘ಹೌದು’ ಹತ್ತಿರ ಹೋಗಿ ಹೋಗಿ ವಾಪಸು ಬರುತ್ತಿತ್ತು. ಅಷ್ಟು ದಿನ ಇಡೀ ಊರಿಗೆ ಬೇಡ ಹೇಳಿದ ಬೆರಳು ಅದು.

“ಒತ್ತೇ ಅಕ್ಕ, ನಿನ್ನ ಮಕ್ಕಳೇ ಬಾಗಿಲಲ್ಲಿ ನಿಂತಿರೋದು” ಅಂದೆ.

“ಮುಚ್ಚೋ ಬಾಯಿ” ಅಂದಳು, ಒತ್ತಿದಳು.

ಬೂದಿ ಬಣ್ಣದ ಗುಂಡಿಗೆ ಜೀವ ಬಂತು. ಮುಂದಿನ ಹೆಸರು ಎಂದು ಒತ್ತಿದರೆ ಸಿಸ್ಟರ್, ಮತ್ತೆ ಒತ್ತಿದರೆ ಪೂಜ್ಯರೇ, ಮತ್ತೆ ಒತ್ತಿದರೆ ಶ್ರೀಮತಿ ಇಲ್ಲದ ಹೆಸರು. ಒಬ್ಬೊಬ್ಬರಾಗಿ ತಮ್ಮ ಗೂಡಿಗೆ ಬಂದು ಕೂತರು. ಅಕ್ಕ ಒಬ್ಬೊಬ್ಬರಿಗೂ ಸಣ್ಣಗೆ ತಲೆ ಆಡಿಸಿದಳು.

ಗುರುವಾರ ಹಗಲಿಡೀ ಪ್ರಿಂಟರು ಕೆಮ್ಮಿತು. ಲಕೋಟೆ ಮತ್ತೆ ನನ್ನ ಅಂಗಡಿಯಿಂದಲೇ ಹೋಯಿತು ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ. ಸಾಹೇಬರು ಮನೆಗೆ ಹೋಗಲು ಒಪ್ಪಲಿಲ್ಲ. ಜವಾನನ ಪಕ್ಕದಲ್ಲಿ ಕೂತು, ತುಂಬಿದ ಪ್ರತಿ ಲಕೋಟೆಯ ಕಿಟಕಿ ನೋಡಿ, “ಹ್ಞೂಂ, ಮುಂದೆ” ಎನ್ನುತ್ತ ದಾಟಿಸಿದರು. ವಿಳಾಸ ಒಂದು ಸಾಲು ಕೆಳಗಿಳಿದು ಮುಚ್ಚಿಹೋಗಿದ್ದ ಒಂದನ್ನು ತಡೆದು ಹಿಡಿದಾಗ, ಅವರ ಮುಖದಲ್ಲಿ ಎಷ್ಟೋ ವರ್ಷಗಳ ಹಿಂದೆ ಟಿಕೆಟಿಲ್ಲದ ಪ್ರಯಾಣಿಕ ಸಿಕ್ಕಾಗ ಬರುತ್ತಿದ್ದ ಕಳೆ ಬಂದಿರಬೇಕು. ಭಾವ ಊಟದ ಡಬ್ಬಿ ತಂದರು, ಅವರನ್ನೂ ಅಂಟು ಹಚ್ಚಲು ಕೂರಿಸಿದೆವು. ಭಾವ ಮೆಲ್ಲಗೆ, “ನನ್ನ ಫೋನಿಗೂ ಒಂದು ಸಲ ಹೌದು ಅಂತ ಹೇಳಿಸೋ” ಅಂತ ನನ್ನ ಕಿವಿಯಲ್ಲಿ ಹೇಳಿದರು.

ಶುಕ್ರವಾರ ಬೆಳಗ್ಗೆ ಮೂಟೆ ಅಂಚೆಗೆ ಹೋಯಿತು. ಸಭೆಯ ದಿನ ಸಭಾಂಗಣದಲ್ಲಿ ಕುರ್ಚಿ ಸಾಲದೆ ನನ್ನ ಅಂಗಡಿಯ ಸ್ಟೂಲನ್ನೂ ಎತ್ತಿಕೊಂಡು ಹೋದರು. ಪತ್ರ ವಿಭಾಗವನ್ನು ಮುಂದುವರಿಸುವ ವಿಷಯ ಬಂದಾಗ ಟಿಕೆಟ್ ಸಾಹೇಬರು ಎದ್ದು ನಿಂತು, ತಮ್ಮನ್ನು ಇಷ್ಟು ಮರ್ಯಾದೆಯಿಂದ ಇಷ್ಟು ಸಲ ಯಾರೂ ಕರೆದಿರಲಿಲ್ಲ ಎಂದರು. ಸಭೆ ನಕ್ಕಿತು, ಕೈ ಎತ್ತಿತು. ಕಾರ್ಯದರ್ಶಿಗಳೂ ಕೈ ಎತ್ತಿದರು. ಒಳ್ಳೆಯ ಮನುಷ್ಯ ಅಂತ ಆಗಲೇ ಹೇಳಿದೆನಲ್ಲ.

ಕಡತದ ಕೋಣೆಗೆ ಹಾಕಿಸಿದ ದೀಪ ವ್ಯರ್ಥವಾಗಲಿಲ್ಲ. ಸಾಹೇಬರಿಗೆ ಹೋಗಿ ಬಂದಿದ್ದ ಆ ಹಳೆಯ ಮೂಟೆಯನ್ನು ಅಲ್ಲೇ ಇಟ್ಟಿದ್ದಾರೆ. ಹಿಂಬದಿ ಖಾಲಿ ಇರುವ ಕಾಗದ, ಎಸೆಯಲು ಮನಸ್ಸು ಬರುತ್ತದೆಯೇ? ದರ್ಜಿಗೆ ವಿಷಯ ತಿಳಿದು, ಅಳತೆ ಬರೆದುಕೊಳ್ಳಲು ಒಂದು ಕಟ್ಟು ಕೇಳಿ ಕಳಿಸಿದ್ದಾನೆ. ಮಾರುವುದೋ ಹಾಗೇ ಕೊಡುವುದೋ ಎಂದು ಅಕ್ಕನನ್ನು ಕೇಳಬೇಕು ಅಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮೇಲಿಂದ ಕಿಟಕಿ ತೆರೆದ ಸದ್ದಾಯಿತು.

“ಲೋ.”

ನಾನು ಗಿರಾಕಿಯ ಕೈಯಲ್ಲಿ ಅರ್ಧ ರೀಮು ಕಾಗದ ಬಿಟ್ಟು ಮೇಲೆ ನೋಡಿದೆ.